ಸೋಶಿಯಲ್ ಮೀಡಿಯಾ ಲೆಕ್ಕ: ಯಾವ ಟೂಲ್ ನೋಡಬೇಕು, ಯಾವ ನಂಬರ್ ನಂಬಬೇಕು

ಪದೇ ಪದೇ ಬರುವ ಪ್ರಶ್ನೆ ಒಂದೇ. "ನನ್ನ ಪೋಸ್ಟ್‌ಗಳನ್ನು ಯಾರು ನೋಡುತ್ತಿದ್ದಾರೆ, ಎಷ್ಟು ಜನ ನೋಡುತ್ತಿದ್ದಾರೆ ಅಂತ ತಿಳಿಯಬೇಕು. ಯಾವ ಟೂಲ್ ಹಾಕಿಕೊಳ್ಳಲಿ?" ಕೆಲವರು ಆಗಲೇ ತಿಂಗಳ ಚಂದಾ ಕಟ್ಟಿ ಒಂದು ಟೂಲ್ ತಗೊಂಡಿರುತ್ತಾರೆ. ತೆರೆದರೆ ಪರದೆ ತುಂಬ ಗ್ರಾಫ್. ಯಾವುದನ್ನು ನೋಡಬೇಕು ಅಂತ ಮಾತ್ರ ಗೊತ್ತಿರುವುದಿಲ್ಲ.

ಚಿಕ್ಕ ಉತ್ತರ ಇಷ್ಟು: ಹೆಚ್ಚಿನವರಿಗೆ ಆಯಾ ಆ್ಯಪ್ ಒಳಗೇ ಪುಕ್ಕಟೆಯಾಗಿ ಸಿಗುವ ಅಂಕಿಗಳು ಮತ್ತು ಒಂದು ಖಾಲಿ ಸ್ಪ್ರೆಡ್‌ಶೀಟ್ ಸಾಕು. ಹೊಸ ತಕ್ಕಡಿ ತಂದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ, ಅಲ್ವಾ? ದುಡ್ಡು ಕೊಡುವ ಟೂಲ್ ಯಾವಾಗ ಬೇಕಾಗುತ್ತದೆ ಅನ್ನುವುದನ್ನು ಕೊನೆಯ ಹಂತಗಳಲ್ಲಿ ಹೇಳಿದ್ದೇನೆ. ಮೊದಲು ಪುಕ್ಕಟೆ ಇರುವುದನ್ನು ಸರಿಯಾಗಿ ಬಳಸೋಣ.

ಬೇಕಾಗುವುದು ಕಡಿಮೆ. ನಿಮ್ಮದೇ ಖಾತೆಯ ಲಾಗಿನ್ ಇರಲಿ. ಸಾಧ್ಯವಾದರೆ ಒಂದು ಕಂಪ್ಯೂಟರ್ ಇರಲಿ, ಯಾಕೆಂದರೆ ಮೊಬೈಲಿನಲ್ಲಿ ಕಾಣದ ಎಷ್ಟೋ ವಿವರ ಬ್ರೌಸರಿನಲ್ಲಿ ಕಾಣುತ್ತವೆ. ಒಂದು ಗೂಗಲ್ ಶೀಟ್ ಅಥವಾ ಎಕ್ಸೆಲ್ ಫೈಲ್ ಬೇಕು. ವಾರಕ್ಕೆ ಅರ್ಧ ಗಂಟೆ ಬಿಡುವು ಬೇಕು. ಮತ್ತೆ ಒಂದೆರಡು ತಿಂಗಳ ತಾಳ್ಮೆ. ಒಂದು ವಾರದ ಅಂಕಿ ನೋಡಿ ತೀರ್ಮಾನ ಮಾಡುವವರಿಗೆ ಈ ಲೇಖನ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆ. ಆ್ಯಪ್‌ಗಳ ಮೆನು ಆಗಾಗ ಜಾಗ ಬದಲಿಸುತ್ತದೆ. ನಾನು ಹೇಳಿದ ಹೆಸರು ಅದೇ ಜಾಗದಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಹುಡುಕಿ.

ಹಂತ 1: ಟೂಲ್ ತೆರೆಯುವ ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ

ಶೀಟಿನ ಮೊದಲ ಸಾಲಿನಲ್ಲಿ ನಿಮ್ಮ ಪ್ರಶ್ನೆಯನ್ನು ಬರೆಯಿರಿ. ಒಂದೇ ಪ್ರಶ್ನೆ. "ಹೊಸಬರಿಗೆ ನನ್ನ ವಿಡಿಯೋ ತಲುಪುತ್ತಿದೆಯಾ?" "ಬರಹಕ್ಕೆ ಜಾಸ್ತಿ ಸ್ಪಂದನೆಯಾ, ಫೋಟೋಗಾ?" "ಪೋಸ್ಟ್ ನೋಡಿದವರು ಕೊನೆಗೆ ನನ್ನ ವೆಬ್‌ಸೈಟಿಗೆ ಬರುತ್ತಾರಾ?" "ದಿನಕ್ಕೆ ಎಷ್ಟು ಹೊತ್ತು ಇದರಲ್ಲೇ ಕಳೆಯುತ್ತಿದ್ದೇನೆ?" ಇವು ನಾಲ್ಕಕ್ಕೂ ನೋಡಬೇಕಾದ ಅಂಕಿ ಬೇರೆ, ಟೂಲೂ ಬೇರೆ.

"ಬೆಳೆಯಬೇಕು" ಅನ್ನುವುದು ಪ್ರಶ್ನೆಯಲ್ಲ. ಏನು ಬೆಳೆಯಬೇಕು ಅಂತ ಬರೆಯದಿದ್ದರೆ ಆ ವಾರ ಯಾವ ನಂಬರ್ ಏರಿದೆಯೋ ಅದನ್ನೇ ನೋಡಿ ಖುಷಿಪಡುತ್ತೀರಿ. ಇದು ಬಹಳ ಸಾಮಾನ್ಯ ತಪ್ಪು.

ಹಂತ 2: ನಾಲ್ಕಾರು ಪದಗಳ ಅರ್ಥ ಗಟ್ಟಿ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗೊಂದಲದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲಿ.

ರೀಚ್ ಅಂದರೆ ನಿಮ್ಮ ಪೋಸ್ಟ್ ಎಷ್ಟು ಬೇರೆ ಬೇರೆ ಖಾತೆಗಳಿಗೆ ತಲುಪಿತು ಅನ್ನುವ ಲೆಕ್ಕ. ಒಬ್ಬರು ಐದು ಸಲ ನೋಡಿದರೂ ಒಂದೇ.

ಇಂಪ್ರೆಷನ್ ಅಂದರೆ ಒಟ್ಟು ಎಷ್ಟು ಸಲ ಪರದೆ ಮೇಲೆ ಕಾಣಿಸಿತು ಅನ್ನುವುದು. ಅದೇ ವ್ಯಕ್ತಿ ಐದು ಸಲ ನೋಡಿದರೆ ಐದು.

ವ್ಯೂಸ್ ಅನ್ನುವ ಪದವೇ ಕಿಲಾಡಿ. ಎಲ್ಲ ಕಡೆ ಒಂದೇ ಹೆಸರು, ಅರ್ಥ ಮಾತ್ರ ಒಂದೊಂದು ಕಡೆ ಒಂದೊಂದು. 2024ರಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಫೋಟೋ, ಸ್ಟೋರಿ ಎಲ್ಲದಕ್ಕೂ ವ್ಯೂಸ್ ಅನ್ನೇ ಮುಖ್ಯ ಅಳತೆ ಮಾಡಿತು. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್‌ನ ಲೆಕ್ಕ ಬದಲಿಸಿತು. ಈಗ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಮತ್ತೆ ಮೊದಲಿನಿಂದ ಓಡಿದರೆ ಇನ್ನೊಂದು. ಹಳೆಯ ಲೆಕ್ಕ ಎಂಗೇಜ್ಡ್ ವ್ಯೂಸ್ ಎಂಬ ಹೆಸರಿನಲ್ಲಿ ಯೂಟ್ಯೂಬ್ ಸ್ಟುಡಿಯೋ (ಚಾನೆಲ್ ನಡೆಸುವವರಿಗೆ ಅಂಕಿ ತೋರಿಸುವ ಜಾಗ) ಒಳಗೆ ಸಿಗುತ್ತದೆ. ಹಾಗಾಗಿ ಆ ದಿನಾಂಕದ ಹಿಂದಿನ ಶಾರ್ಟ್ಸ್ ಜೊತೆ ಈಗಿನದನ್ನು ಹೋಲಿಸುವುದಾದರೆ ವ್ಯೂಸ್ ಬಿಟ್ಟು ಎಂಗೇಜ್ಡ್ ವ್ಯೂಸ್ ನೋಡಿ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಲಾಗಿನ್ ಆದ ಯಾರು ನೋಡಿದರೂ ವ್ಯೂ. ನಿಮ್ಮ ಪೋಸ್ಟನ್ನು ನೀವೇ ನೋಡಿಕೊಂಡರೂ ಸೇರುತ್ತದೆ.

"ಕಾಣಿಸಿತು" ಅಂದರೆ ಎಷ್ಟು ಹೊತ್ತು ಕಾಣಬೇಕು? ಅದಕ್ಕೂ ಒಮ್ಮತವಿಲ್ಲ. ಯೂಟ್ಯೂಬಿನಲ್ಲಿ ಥಂಬ್‌ನೇಲಿನ (ವಿಡಿಯೋದ ಮುಖಚಿತ್ರದ) ಅರ್ಧ ಭಾಗವಾದರೂ 1 ಸೆಕೆಂಡಿಗಿಂತ ಜಾಸ್ತಿ ಪರದೆ ಮೇಲಿದ್ದರೆ ಒಂದು ಇಂಪ್ರೆಷನ್. ಲಿಂಕ್ಡ್‌ಇನ್‌ನಲ್ಲಿ ಪೋಸ್ಟಿನ ಅರ್ಧ ಭಾಗ 300 ಮಿಲಿಸೆಕೆಂಡ್ ಕಂಡರೆ ಸಾಕು. ಸರಸರ ಸ್ಕ್ರೋಲ್ ಮಾಡುವ ಬೆರಳಿಗೂ ಅಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ "ಲಿಂಕ್ಡ್‌ಇನ್‌ನಲ್ಲಿ 5,000, ಯೂಟ್ಯೂಬಿನಲ್ಲಿ 2,000, ಅಂದರೆ ಲಿಂಕ್ಡ್‌ಇನ್ ಮೇಲು" ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಒಂದು ಜಾಗದ ಅಂಕಿಯನ್ನು ಇನ್ನೊಂದು ಜಾಗದ ಅಂಕಿಯ ಜೊತೆ ಹೋಲಿಸಬೇಡಿ. ಒಂದೇ ಜಾಗದಲ್ಲಿ ನಿಮ್ಮ ಹೋದ ತಿಂಗಳ ಜೊತೆ ಈ ತಿಂಗಳನ್ನು ಹೋಲಿಸಿ.

ಎಂಗೇಜ್‌ಮೆಂಟ್ ಅಂದರೆ ನೋಡಿ ಸುಮ್ನೆ ಮುಂದೆ ಹೋಗದೆ ಏನಾದರೂ ಮಾಡಿದ್ದು. ಲೈಕ್, ಕಾಮೆಂಟ್, ಶೇರ್, ಸೇವ್ ಎಲ್ಲ ಇದರಲ್ಲಿ ಬರುತ್ತವೆ. ಕ್ಲಿಕ್-ಥ್ರೂ ರೇಟ್ ಅಂದರೆ ಕಂಡ ಸಲಗಳಲ್ಲಿ ಶೇಕಡಾ ಎಷ್ಟು ಸಲ ಒತ್ತಿದರು ಅನ್ನುವುದು. ರಿಟೆನ್ಷನ್ ಅಂದರೆ ವಿಡಿಯೋ ಶುರು ಮಾಡಿದವರಲ್ಲಿ ಎಷ್ಟು ಮಂದಿ ಎಲ್ಲಿಯವರೆಗೆ ಉಳಿದರು ಅನ್ನುವುದು.

ಪದದ ಅರ್ಥ ಇಷ್ಟು ಕೆದಕುವುದಕ್ಕೆ ಕಾರಣವಿದೆ. 2016ರಲ್ಲಿ ಫೇಸ್‌ಬುಕ್ ಒಂದು ವಿಷಯ ಒಪ್ಪಿಕೊಂಡಿತು. ವಿಡಿಯೋವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನುವ ಅಂಕಿಯನ್ನು ಅದು ಸುಮಾರು ಎರಡು ವರ್ಷ ಜಾಸ್ತಿ ತೋರಿಸಿತ್ತು. ನೋಡಿದ ಒಟ್ಟು ಸಮಯವನ್ನು 3 ಸೆಕೆಂಡಿಗಿಂತ ಜಾಸ್ತಿ ನೋಡಿದ ವ್ಯೂಗಳಿಂದ ಮಾತ್ರ ಭಾಗಿಸಿದ್ದರು. ಬೇಗ ಬಿಟ್ಟು ಹೋದವರು ಲೆಕ್ಕದಿಂದಲೇ ಹೊರಗೆ. ಜಾಹೀರಾತಿಗೆ ದೊಡ್ಡ ಮೊತ್ತ ಸುರಿಯುವ ಕಂಪನಿಗಳೂ ಆ ಅಂಕಿಯನ್ನು ನಂಬಿದ್ದವು. ಆದ್ದರಿಂದ ಯಾವುದೇ ಸರಾಸರಿ ಕಂಡರೂ "ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ?" ಅಂತ ಕೇಳಿ. ಹೆಚ್ಚಿನ ಆ್ಯಪ್‌ಗಳಲ್ಲಿ ಅಂಕಿಯ ಪಕ್ಕದ ಚಿಕ್ಕ ಮಾಹಿತಿ ಗುರುತನ್ನು ಒತ್ತಿದರೆ ಉತ್ತರ ಸಿಗುತ್ತದೆ.

ಹಂತ 3: ಖಾತೆಯಲ್ಲಿ ಅಳತೆ ಶುರು ಮಾಡಿ

ಇನ್‌ಸ್ಟಾಗ್ರಾಮ್: ಮಾಮೂಲಿ ಖಾತೆಯಲ್ಲಿ ಇನ್‌ಸೈಟ್ಸ್ ಎಂಬ ಅಂಕಿ ವಿಭಾಗ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೊಫೆಷನಲ್ ಖಾತೆಗೆ ಬದಲಾಯಿಸಬೇಕು. ಇದಕ್ಕೆ ದುಡ್ಡಿಲ್ಲ. ಕ್ರಿಯೇಟರ್ ಮತ್ತು ಬಿಸಿನೆಸ್ ಅಂತ ಎರಡು ಆಯ್ಕೆ ಬರುತ್ತವೆ. ಅಂಗಡಿ, ಸಂಸ್ಥೆ ನಡೆಸದವರು ಕ್ರಿಯೇಟರ್ ತಗೊಳ್ಳಿ. ಬಿಸಿನೆಸ್ ಖಾತೆಗೆ ಜನಪ್ರಿಯ ಹಾಡುಗಳನ್ನು ಬಳಸಲು ನಿರ್ಬಂಧ ಜಾಸ್ತಿ. ಎರಡು ಎಚ್ಚರಿಕೆ ಇವೆ. ಪ್ರೊಫೆಷನಲ್ ಖಾತೆಯನ್ನು ಪ್ರೈವೇಟ್ ಮಾಡಲಾಗುವುದಿಲ್ಲ. ಮನೆಯವರಿಗೆ ಮಾತ್ರ ಅಂತ ಇಟ್ಟುಕೊಂಡ ಖಾತೆಯನ್ನು ಅಂಕಿ ನೋಡುವ ಆಸೆಗೆ ಬದಲಾಯಿಸಬೇಡಿ. ಇನ್ನೊಂದು, ಬದಲಾಯಿಸುವ ಮೊದಲು ಹಾಕಿದ ಪೋಸ್ಟ್‌ಗಳ ಹಳೆಯ ಲೆಕ್ಕ ಸಿಗುತ್ತದೆ ಅಂತ ನಂಬಿಕೊಂಡಿರಬೇಡಿ. ಅಳತೆ ಇವತ್ತಿನಿಂದ ಶುರು ಅಂದುಕೊಳ್ಳಿ.

ಫೇಸ್‌ಬುಕ್: ಪೇಜ್ ಇದ್ದರೆ ಇನ್‌ಸೈಟ್ಸ್ ಆಗಲೇ ಇದೆ. ಸ್ವಂತ ಪ್ರೊಫೈಲಿನಲ್ಲೇ ಬರೆಯುವವರು ಪ್ರೊಫೆಷನಲ್ ಮೋಡ್ ಆನ್ ಮಾಡಬಹುದು. ಆಗ ಯಾರು ಬೇಕಾದರೂ ನಿಮ್ಮನ್ನು ಫಾಲೋ ಮಾಡಲು ದಾರಿ ತೆರೆಯುತ್ತದೆ. ಹಾಗಾಗಿ ಪ್ರತಿ ಪೋಸ್ಟ್ ಯಾರಿಗೆ ಕಾಣಬೇಕು ಅನ್ನುವ ಸೆಟ್ಟಿಂಗನ್ನು ಒಮ್ಮೆ ಪರೀಕ್ಷಿಸಿ. ಕಂಪ್ಯೂಟರಿನಲ್ಲಿ ಮೆಟಾ ಬಿಸಿನೆಸ್ ಸೂಟ್ ತೆರೆದರೆ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಮ್ ಎರಡರ ಅಂಕಿಯೂ ಒಂದೇ ಕಡೆ ಕಾಣುತ್ತದೆ. ಇದೂ ಪುಕ್ಕಟೆ.

ಯೂಟ್ಯೂಬ್: ಏನೂ ಆನ್ ಮಾಡಬೇಕಿಲ್ಲ. ಚಾನೆಲ್ ಇದ್ದರೆ ಯೂಟ್ಯೂಬ್ ಸ್ಟುಡಿಯೋ ಇದೆ. ಪುಕ್ಕಟೆ ಟೂಲ್‌ಗಳಲ್ಲಿ ಇದರಷ್ಟು ವಿವರ ಕೊಡುವುದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಎಕ್ಸ್: ಪ್ರತಿ ಪೋಸ್ಟಿನ ವ್ಯೂಸ್ ಎಲ್ಲರಿಗೂ ಕಾಣುತ್ತದೆ. ಪೂರ್ತಿ ಅನಾಲಿಟಿಕ್ಸ್ ಪುಟವನ್ನು 2024ರಲ್ಲಿ ಚಂದಾದಾರರಿಗೆ ಮಾತ್ರ ಅಂತ ಮಾಡಿದರು. ಅದಕ್ಕೋಸ್ಕರವೇ ಚಂದಾ ಕಟ್ಟುವುದು ನನ್ನ ಪ್ರಕಾರ ದಂಡ.

ಲಿಂಕ್ಡ್‌ಇನ್: ಪ್ರೊಫೈಲ್ ಪುಟದಲ್ಲೇ ಅನಾಲಿಟಿಕ್ಸ್ ವಿಭಾಗವಿದೆ. ನಿಮ್ಮ ಪೋಸ್ಟ್ ನೋಡಿದವರ ಹುದ್ದೆ, ಊರು, ಕ್ಷೇತ್ರ ಯಾವುದು ಅಂತ ಒಟ್ಟಾರೆ ಹೇಳುತ್ತದೆ. ಕೆಲಸ ಹುಡುಕುವವರಿಗೆ ಇದು ಲೈಕ್‌ಗಿಂತ ಮುಖ್ಯ.

ಫಾಲೋವರ್ಸ್ 100 ದಾಟದ ಖಾತೆಗೆ ಇನ್‌ಸ್ಟಾಗ್ರಾಮ್ ವಯಸ್ಸು, ಊರು ಮುಂತಾದ ವಿವರ ತೋರಿಸುವುದಿಲ್ಲ. ನಿಮಗೆ ಆ ಭಾಗ ಖಾಲಿ ಕಂಡರೆ ಏನೋ ಕೆಟ್ಟಿದೆ ಅಂತ ಗಾಬರಿ ಬೇಡ.

ಹಂತ 4: ಏನು ನೋಡಬೇಕೋ ಅದನ್ನು ಮಾತ್ರ ನೋಡಿ

ಯೂಟ್ಯೂಬ್ ಸ್ಟುಡಿಯೋದಲ್ಲಿ ಶುರುವಿಗೆ ಮೂರು ಅಂಕಿ ಸಾಕು.

ಒಂದು, ಕ್ಲಿಕ್-ಥ್ರೂ ರೇಟ್. ಚಾನೆಲ್‌ಗಳಲ್ಲಿ, ವಿಡಿಯೋಗಳಲ್ಲಿ ಅರ್ಧದಷ್ಟಕ್ಕೆ ಇದು ಶೇಕಡಾ 2ರಿಂದ 10ರ ಒಳಗೆ ಇರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ. ಆದರೆ ಇದನ್ನು ಒಂಟಿಯಾಗಿ ಓದಬೇಡಿ. ವಿಡಿಯೋವನ್ನು ಯೂಟ್ಯೂಬ್ ಹೊಸಬರಿಗೆ ತೋರಿಸಲು ಶುರು ಮಾಡಿದಾಗ ಇಂಪ್ರೆಷನ್ ಏರುತ್ತದೆ, ಕ್ಲಿಕ್-ಥ್ರೂ ರೇಟ್ ಇಳಿಯುತ್ತದೆ. ನಿಮ್ಮ ಖಾಯಂ ಪ್ರೇಕ್ಷಕರಷ್ಟು ಆಸಕ್ತಿ ಅಪರಿಚಿತರಿಗೆ ಇರುವುದಿಲ್ಲ, ಅಷ್ಟೇ. ಇದು ಒಳ್ಳೆಯ ಸುದ್ದಿ. ಇದನ್ನು ನೋಡಿ ಹೆದರಿ ಥಂಬ್‌ನೇಲ್ ಬದಲಿಸುವವರು ತುಂಬಾ ಜನ.

ಎರಡು, ರಿಟೆನ್ಷನ್ ಗ್ರಾಫ್. ಮೊದಲ 30 ಸೆಕೆಂಡ್ ಆದ ಮೇಲೆ ಶೇಕಡಾ ಎಷ್ಟು ಮಂದಿ ಉಳಿದರು ಅಂತ ಅಲ್ಲೇ ಬರೆದಿರುತ್ತದೆ. ಗೆರೆ ಎಲ್ಲಿ ದಿಢೀರನೆ ಬೀಳುತ್ತದೋ ಆ ಜಾಗದ ವಿಡಿಯೋ ನೋಡಿ. ಉದ್ದ ಪೀಠಿಕೆಯೋ, ಕಿವಿ ಚುಚ್ಚುವ ಸಂಗೀತವೋ, ವಿಷಯ ಅಲ್ಲಿಗೇ ಮುಗಿದು ಹೋಯಿತೋ, ನಿಮಗೇ ಗೊತ್ತಾಗುತ್ತದೆ. ಗೆರೆ ಮೇಲೆ ಎದ್ದ ಕಡೆ ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ ಅಂತ ಅರ್ಥ. ಅದು ಇಷ್ಟವಾಗಿದ್ದಕ್ಕೂ ಇರಬಹುದು, ಅರ್ಥವಾಗದೆ ಇದ್ದದ್ದಕ್ಕೂ ಇರಬಹುದು. ಕಾಮೆಂಟ್ ಓದಿದರೆ ಯಾವುದು ಅಂತ ತಿಳಿಯುತ್ತದೆ.

ಮೂರು, ಟ್ರಾಫಿಕ್ ಸೋರ್ಸ್. ಜನ ಎಲ್ಲಿಂದ ಬಂದರು ಅನ್ನುವುದು. ಹುಡುಕಾಟದಿಂದ ಬಂದವರು ಜಾಸ್ತಿ ಇದ್ದರೆ ಯಾವ ಪದ ಟೈಪ್ ಮಾಡಿ ಬಂದರು ಅನ್ನುವುದೂ ಸಿಗುತ್ತದೆ. ಮುಂದಿನ ವಿಡಿಯೋಗೆ ವಿಷಯ ಹುಡುಕುತ್ತಿದ್ದರೆ ಆ ಪಟ್ಟಿಗಿಂತ ಒಳ್ಳೆಯ ಜಾಗವಿಲ್ಲ.

ಇನ್‌ಸ್ಟಾಗ್ರಾಮಿನಲ್ಲಿ ಮೊದಲು ನೋಡಬೇಕಾದ್ದು ಫಾಲೋವರ್ಸ್ ಮತ್ತು ಫಾಲೋವರ್ಸ್ ಅಲ್ಲದವರ ಪಾಲು. ಬರೀ ಫಾಲೋವರ್ಸ್ ನೋಡುತ್ತಿದ್ದರೆ ಪೋಸ್ಟ್ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಆಮೇಲೆ ಶೇರ್ ಮತ್ತು ಸೇವ್. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಂ ಮೊಸೆರಿ 2025ರ ಜನವರಿಯಲ್ಲಿ ಮೂರು ಅಂಶಗಳನ್ನು ಎತ್ತಿ ಹೇಳಿದ್ದರು: ನೋಡಿದ ಸಮಯ, ಲೈಕ್, ಮತ್ತು ಬೇರೆಯವರಿಗೆ ಕಳುಹಿಸಿದ್ದು. ಹೊಸಬರಿಗೆ ತಲುಪುವ ವಿಷಯದಲ್ಲಿ ಕಳುಹಿಸಿದ್ದಕ್ಕೆ ತೂಕ ಜಾಸ್ತಿ, ಈಗಾಗಲೇ ಫಾಲೋ ಮಾಡುವವರ ವಿಷಯದಲ್ಲಿ ಲೈಕ್‌ಗೆ ಸ್ವಲ್ಪ ಜಾಸ್ತಿ. ನಿಮ್ಮ ಪ್ರಶ್ನೆ ಹೊಸಬರ ಬಗ್ಗೆ ಇದ್ದರೆ ಲೈಕ್ ಎಣಿಸುತ್ತಾ ಕೂರುವುದರಲ್ಲಿ ಅಂಥ ಲಾಭವಿಲ್ಲ.

"ಯಾವ ಹೊತ್ತಿಗೆ ಪೋಸ್ಟ್ ಹಾಕಬೇಕು?" ಇದೂ ತುಂಬಾ ಕೇಳುತ್ತಾರೆ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎರಡರಲ್ಲೂ ನಿಮ್ಮ ಪ್ರೇಕ್ಷಕರು ಯಾವಾಗ ಆನ್‌ಲೈನ್ ಇರುತ್ತಾರೆ ಅನ್ನುವ ಚಾರ್ಟ್ ಇದೆ. ಅದನ್ನು ನೋಡಿ, ಇಂಟರ್‌ನೆಟ್‌ನಲ್ಲಿ ಸಿಗುವ "ಒಳ್ಳೆಯ ಸಮಯ" ಪಟ್ಟಿಗಳನ್ನು ಮರೆತುಬಿಡಿ. ಅವು ಬೇರೆ ಯಾರದ್ದೋ ಪ್ರೇಕ್ಷಕರ ಲೆಕ್ಕ.

ಹಂತ 5: ಶೀಟ್ ತುಂಬಿ. ನಿಜವಾದ ಟೂಲ್ ಇದೇ

ಆ್ಯಪ್‌ನ ಪರದೆ ಇವತ್ತಿನದನ್ನು ದೊಡ್ಡದಾಗಿ ತೋರಿಸುತ್ತದೆ. ನಾಲ್ಕು ತಿಂಗಳ ಹಿಂದೆ ನೀವು ಏನು ಬದಲಿಸಿದಿರಿ, ಆಮೇಲೆ ಏನಾಯಿತು ಅಂತ ನೆನಪಿಡುವುದು ಅದರ ಕೆಲಸವಲ್ಲ. ಅದಕ್ಕೇ ಶೀಟ್ ಬೇಕು.

ಒಂದು ಪೋಸ್ಟಿಗೆ ಒಂದು ಸಾಲು. ಕಾಲಂಗಳು ಹೀಗಿರಲಿ: ಹಾಕಿದ ದಿನಾಂಕ, ಪೋಸ್ಟಿನ ಬಗೆ, ವಿಷಯ, ರೀಚ್, ಲೈಕ್, ಕಾಮೆಂಟ್, ಶೇರ್, ಸೇವ್, ಎಂಗೇಜ್‌ಮೆಂಟ್ ರೇಟ್, ಟಿಪ್ಪಣಿ. ಕೊನೆಯ ಕಾಲಂ ಬಿಡಬೇಡಿ. "ಬೇರೆ ದೊಡ್ಡ ಖಾತೆಯೊಂದು ಇದನ್ನು ಹಂಚಿಕೊಂಡಿತು", "ಜಾಹೀರಾತು ಕೊಟ್ಟು ಓಡಿಸಿದ್ದು" ಅಂತ ಬರೆಯದಿದ್ದರೆ ಆರು ತಿಂಗಳ ಮೇಲೆ ಆ ಅಂಕಿ ಒಗಟಾಗುತ್ತದೆ.

ಎಂಗೇಜ್‌ಮೆಂಟ್ ರೇಟ್ ಲೆಕ್ಕ ಸುಲಭ. ಲೈಕ್, ಕಾಮೆಂಟ್, ಶೇರ್, ಸೇವ್ ಎಲ್ಲ ಕೂಡಿಸಿ, ರೀಚ್‌ನಿಂದ ಭಾಗಿಸಿ, 100ರಿಂದ ಗುಣಿಸಿ. ಒಂದು ಪೋಸ್ಟಿನ ರೀಚ್ 4,000, ಒಟ್ಟು ಸ್ಪಂದನೆ 130 ಅಂದುಕೊಳ್ಳಿ. ರೇಟ್ ಶೇಕಡಾ 3.25. ಇನ್ನೊಂದರ ರೀಚ್ 600, ಸ್ಪಂದನೆ 72. ರೇಟ್ ಶೇಕಡಾ 12. ಆ್ಯಪ್‌ನಲ್ಲಿ ಮೊದಲನೆಯದೇ ಗೆದ್ದಂತೆ ಕಾಣುತ್ತದೆ. ನೋಡಿದವರ ಮನಸ್ಸಿಗೆ ಹಿಡಿಸಿದ್ದು ಎರಡನೆಯದು. ಕೆಲವು ಟೂಲ್‌ಗಳು ರೀಚ್ ಬದಲು ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸುತ್ತವೆ. ಯಾವುದಾದರೂ ಸರಿ, ನಡುವೆ ಬದಲಿಸಬೇಡಿ.

ಅಂಕಿ ಯಾವಾಗ ಬರೆದುಕೊಳ್ಳಬೇಕು? ಪ್ರತಿ ಪೋಸ್ಟಿನದ್ದೂ ಅದು ಹಾಕಿ ಸರಿಯಾಗಿ 7 ದಿನ ಆದ ಮೇಲೆ. ಮೂರು ವಾರ ಹಳೆಯ ಪೋಸ್ಟನ್ನು ನಿನ್ನೆಯ ಪೋಸ್ಟ್ ಜೊತೆ ಇಟ್ಟು "ಈಚೆಗೆ ರೀಚ್ ಬಿದ್ದು ಹೋಗಿದೆ" ಅನ್ನುವುದು ಅನ್ಯಾಯ. ನಿನ್ನೆಯದಕ್ಕೆ ಇನ್ನೂ ಓಡಲು ಸಮಯವೇ ಸಿಕ್ಕಿಲ್ಲ.

ಈಗ ಸರಾಸರಿಯ ವಿಷಯ. ಏಳು ಪೋಸ್ಟ್‌ಗಳ ರೀಚ್ 210, 240, 190, 260, 230, 9,400, 220 ಇದೆ ಅನ್ನೋಣ. ಸರಾಸರಿ ತೆಗೆದರೆ 1,536 ಬರುತ್ತದೆ. ನಿಮ್ಮ ಯಾವ ಪೋಸ್ಟೂ ಅದರ ಹತ್ತಿರಕ್ಕೆ ಇಲ್ಲ! ಒಂದು ವೈರಲ್ ಪೋಸ್ಟ್ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗಿದೆ. ಇಂಥ ಕಡೆ ಮೀಡಿಯನ್ ಬಳಸಿ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆಯೇ ಮೀಡಿಯನ್. ಇಲ್ಲಿ ಅದು 230. ಶೀಟಿನಲ್ಲಿ ಇದಕ್ಕೆ ಸಿದ್ಧ ಫಾರ್ಮುಲಾ ಇದೆ. ಮುಂದಿನ ತಿಂಗಳು ಮೀಡಿಯನ್ 230ರಿಂದ 280ಕ್ಕೆ ಏರಿದರೆ ಅದು ನಿಜವಾದ ಬೆಳವಣಿಗೆ. ಇನ್ನೊಂದು ವೈರಲ್ ಬರದಿದ್ದರೂ ಚಿಂತೆಯಿಲ್ಲ.

ಕೈಯಲ್ಲಿ ತುಂಬುವುದು ಬೇಸರ ಅನ್ನಿಸಿದರೆ ಯೂಟ್ಯೂಬ್ ಸ್ಟುಡಿಯೋ ಮತ್ತು ಮೆಟಾ ಬಿಸಿನೆಸ್ ಸೂಟ್ ಎರಡರಲ್ಲೂ ಎಕ್ಸ್‌ಪೋರ್ಟ್ ಇದೆ. ಅಂಕಿಗಳು ಸಿಎಸ್‌ವಿ ಫೈಲ್ (ಶೀಟಿನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಆಗಿ ಇಳಿಯುತ್ತವೆ. ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಇಲ್ಲೊಂದು ಕಾಟ ಇದೆ. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣಬಹುದು. ಫೈಲ್ ಕೆಟ್ಟಿಲ್ಲ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಟೆಕ್ಸ್ಟ್ ಅಥವಾ ಸಿಎಸ್‌ವಿ ಆಮದು ಮಾಡಿಕೊಂಡು, ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆಯ್ಕೆ ಮಾಡಿ. ಗೂಗಲ್ ಶೀಟಿನಲ್ಲಿ ಈ ರಗಳೆ ಇಲ್ಲ.

ಹಂತ 6: ಲಿಂಕ್ ಹಂಚುವವರು ಲಿಂಕಿಗೂ ಗುರುತು ಹಾಕಿ

ನಿಮ್ಮದೇ ವೆಬ್‌ಸೈಟ್ ಇಲ್ಲದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು.

ಪೋಸ್ಟ್ ನೋಡಿದವರು ನಿಮ್ಮ ಸೈಟಿಗೆ ಬಂದರಾ ಅಂತ ತಿಳಿಯಲು ಗೂಗಲ್ ಅನಾಲಿಟಿಕ್ಸ್ 4 (ಸೈಟಿಗೆ ಬಂದವರನ್ನು ಎಣಿಸುವ ಗೂಗಲ್‌ನ ಟೂಲ್) ಮತ್ತು ಯುಟಿಎಂ ಎರಡೂ ಬೇಕು. ಯುಟಿಎಂ ಅಂದರೆ ಲಿಂಕಿನ ಬಾಲಕ್ಕೆ ಸೇರಿಸುವ ಗುರುತು. ಮುಖ್ಯವಾಗಿ ಮೂರು: ಸೋರ್ಸ್ ಅಂದರೆ ಯಾವ ಜಾಗದಿಂದ, ಮೀಡಿಯಂ ಅಂದರೆ ಯಾವ ಬಗೆಯಿಂದ, ಕ್ಯಾಂಪೇನ್ ಅಂದರೆ ಯಾವ ಸಂದರ್ಭಕ್ಕೆ. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಎಂಬ ಪುಟದಲ್ಲಿ ಖಾನೆ ತುಂಬಿದರೆ ಲಿಂಕ್ ತಾನೇ ತಯಾರಾಗುತ್ತದೆ. ಬಂದವರ ಲೆಕ್ಕ ಅನಾಲಿಟಿಕ್ಸ್‌ನ ಟ್ರಾಫಿಕ್ ಅಕ್ವಿಸಿಷನ್ ವರದಿಯಲ್ಲಿ ಸಿಗುತ್ತದೆ.

ಎಡವುವ ಜಾಗಗಳು: ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಇದಕ್ಕೆ ಬೇರೆ ಬೇರೆ. ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ಬರೆದರೆ ವರದಿಯಲ್ಲಿ ಎರಡು ಸಾಲು ಬೀಳುತ್ತವೆ. ಎಲ್ಲ ಚಿಕ್ಕಕ್ಷರದಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಸೈಟಿನ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವ ಲಿಂಕಿಗೆ ಯುಟಿಎಂ ಹಾಕಲೇಬೇಡಿ, ವ್ಯಕ್ತಿ ಮೊದಲು ಎಲ್ಲಿಂದ ಬಂದರು ಅನ್ನುವ ಲೆಕ್ಕ ಹಾಳಾಗುತ್ತದೆ. ಮತ್ತೆ, ಅನಾಲಿಟಿಕ್ಸ್ 4ರಲ್ಲಿ ಡೇಟಾ ರಿಟೆನ್ಷನ್ (ಡೇಟಾವನ್ನು ಎಷ್ಟು ಕಾಲ ಉಳಿಸಿಡಬೇಕು) ಎಂಬ ಸೆಟ್ಟಿಂಗ್ ಮೊದಲಿಗೆ 2 ತಿಂಗಳಿಗೆ ಇರುತ್ತದೆ. ಅದನ್ನು ಇವತ್ತೇ 14 ತಿಂಗಳಿಗೆ ಬದಲಿಸಿ. ಇಲ್ಲದಿದ್ದರೆ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಹಳೆಯದನ್ನು ಕೆದಕಲು ಹೋದಾಗ ಏನೂ ಸಿಗುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋದ ಲಿಂಕ್‌ಗಳು ಗುರುತಿಲ್ಲದಿದ್ದರೆ ಸಾಮಾನ್ಯವಾಗಿ ಡೈರೆಕ್ಟ್ (ನೇರವಾಗಿ ಬಂದವರು) ಎಂಬ ಹೆಸರಿನಲ್ಲಿ ಸೇರಿಹೋಗುತ್ತವೆ. ಆ ಸಾಲು ದೊಡ್ಡದಿದ್ದರೆ ಜನ ನಿಮ್ಮ ಸೈಟಿನ ವಿಳಾಸ ಬಾಯಿಪಾಠ ಮಾಡಿದ್ದಾರೆ ಅಂತ ಬೀಗಬೇಡಿ.

ಹಂತ 7: ನಿಮ್ಮ ಸಮಯವನ್ನೂ ಅಳೆಯಿರಿ

ಇದನ್ನು ಕೇಳುವವರು ಕಡಿಮೆ, ಬೇಕಾಗಿರುವವರು ಜಾಸ್ತಿ. ಐಫೋನಿನಲ್ಲಿ ಸ್ಕ್ರೀನ್ ಟೈಮ್, ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್. ಎರಡೂ ಬಂದಿದ್ದು 2018ರಲ್ಲಿ, ಎರಡೂ ಫೋನಿನ ಸೆಟ್ಟಿಂಗ್ಸ್ ಒಳಗೇ ಇವೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು, ಎಷ್ಟು ನೋಟಿಫಿಕೇಶನ್ ಬಂತು ಅಂತ ಹೇಳುತ್ತವೆ. ಐಫೋನ್ ಎಷ್ಟು ಸಲ ಫೋನ್ ಕೈಗೆತ್ತಿಕೊಂಡಿರಿ ಅಂತ, ಆಂಡ್ರಾಯ್ಡ್ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ ಅಂತ ಎಣಿಸುತ್ತದೆ. ಒಟ್ಟು ಗಂಟೆಗಿಂತ ಈ ಎಣಿಕೆ ಜಾಸ್ತಿ ಹೇಳುತ್ತದೆ ಅಂತ ನನಗನ್ನಿಸುತ್ತದೆ. ಇದನ್ನೂ ಶೀಟಿನಲ್ಲಿ ವಾರಕ್ಕೊಂದು ಸಾಲು ಬರೆಯಿರಿ. ಪೋಸ್ಟ್ ಮಾಡಲು ತೆರೆದ ಸಮಯ, ಸುಮ್ನೆ ಸ್ಕ್ರೋಲ್ ಮಾಡಿದ ಸಮಯ ಎರಡನ್ನೂ ಈ ಟೂಲ್‌ಗಳು ಬೇರೆ ಮಾಡುವುದಿಲ್ಲ. ಕಂಪ್ಯೂಟರಿನಲ್ಲಿ ಕಳೆದದ್ದೂ ಇದರಲ್ಲಿ ಸೇರಿರದೆ ಇರಬಹುದು.

ಇನ್ನೂ ಆಳಕ್ಕೆ ಹೋಗಬೇಕಿದ್ದರೆ ನಿಮ್ಮ ಡೇಟಾವನ್ನೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಟೇಕ್‌ಔಟ್, ಮೆಟಾದಲ್ಲಿ ಅಕೌಂಟ್ಸ್ ಸೆಂಟರ್ ಒಳಗಿನ ಡೌನ್‌ಲೋಡ್ ಆಯ್ಕೆ. ನೀವು ಹುಡುಕಿದ್ದು, ಲೈಕ್ ಮಾಡಿದ್ದು, ಲಾಗಿನ್ ಆದದ್ದು ಎಲ್ಲ ಬರುತ್ತದೆ. ಎಚ್‌ಟಿಎಂಎಲ್, ಜೇಸನ್ ಅಂತ ಎರಡು ರೂಪ ಕೇಳುತ್ತದೆ. ಓದಲು ಬೇಕಿದ್ದರೆ ಎಚ್‌ಟಿಎಂಎಲ್ ತಗೊಳ್ಳಿ. ಮೆಟಾದ ಜೇಸನ್ ಫೈಲಿನಲ್ಲಿ ಕನ್ನಡ ಅಕ್ಷರಗಳು ಕಲಸಿಹೋಗಿರುತ್ತವೆ, ಸರಿಮಾಡಲು ಪ್ರೋಗ್ರಾಮಿಂಗ್ ಬರಬೇಕು. ಡೌನ್‌ಲೋಡ್ ಲಿಂಕ್ ಕೆಲವೇ ದಿನ ಇರುತ್ತದೆ, ಬಂದ ಕೂಡಲೇ ಇಳಿಸಿಕೊಳ್ಳಿ. ಈ ಫೈಲಿನಲ್ಲಿ ಬೇರೆಯವರು ನಿಮಗೆ ಕಳುಹಿಸಿದ ಖಾಸಗಿ ಮೆಸೇಜ್‌ಗಳೂ ಇರುತ್ತವೆ. "ವಿಶ್ಲೇಷಿಸಿ ಕೊಡುತ್ತೇವೆ" ಅನ್ನುವ ಯಾವ ಸೈಟಿಗೂ, ಯಾವ ಚಾಟ್‌ಬಾಟ್‌ಗೂ ಇದನ್ನು ಏರಿಸಬೇಡಿ.

ಹಂತ 8: ಹೊರಗಿನ ಟೂಲ್ ಬೇಕೇ? ಬೇಕಿದ್ದರೆ ಹೀಗೆ ಆರಿಸಿ

ಬಫರ್, ಹೂಟ್‌ಸೂಟ್, ಮೆಟ್ರಿಕೂಲ್, ಸ್ಪ್ರೌಟ್ ಸೋಶಿಯಲ್ ಇವೆಲ್ಲ ಹಲವು ಖಾತೆಗಳ ಅಂಕಿಯನ್ನು ಒಂದೇ ಪರದೆಗೆ ತರುತ್ತವೆ. ಮೂರ್ನಾಲ್ಕು ಖಾತೆ ನಿಭಾಯಿಸುವವರಿಗೆ, ಪ್ರತಿ ತಿಂಗಳು ಯಾರಿಗಾದರೂ ವರದಿ ಕೊಡಬೇಕಾದವರಿಗೆ, ತಂಡವಾಗಿ ಕೆಲಸ ಮಾಡುವವರಿಗೆ ಇವು ಸಮಯ ಉಳಿಸುತ್ತವೆ. ಒಬ್ಬರೇ ನಡೆಸುವ ಒಂದೆರಡು ಖಾತೆಗೆ ಬೇಡ. ನಿಮ್ಮ ಖಾತೆಯ ಒಳಗಿನ ಅಂಕಿಗಳನ್ನು ಅವು ತರುವುದೂ ಆಯಾ ಆ್ಯಪ್‌ನಿಂದಲೇ. ಸೋಶಿಯಲ್ ಬ್ಲೇಡ್ ಬೇರೆ ಬಗೆಯದು. ಸಾರ್ವಜನಿಕವಾಗಿ ಕಾಣುವ ಫಾಲೋವರ್ಸ್, ವ್ಯೂಸ್ ಏರಿಳಿತವನ್ನು ಯಾರ ಖಾತೆಗಾದರೂ ತೋರಿಸುತ್ತದೆ. ಅದು ತೋರಿಸುವ ಆದಾಯ ಬರೀ ಅಂದಾಜು, ಅದನ್ನು ಹಿಡಿದು ಯಾರ ಸಂಪಾದನೆಯನ್ನೂ ಎಣಿಸಬೇಡಿ.

ಎಲ್ಲವನ್ನೂ ಹೊರಗಿನ ಟೂಲಿನಲ್ಲೇ ಇಟ್ಟು ನಿಶ್ಚಿಂತೆಯಾಗಿ ಇರಬೇಡಿ. ಜನರ ಪ್ರಭಾವಕ್ಕೆ ಅಂಕ ಕೊಡುತ್ತಿದ್ದ ಕ್ಲೌಟ್ 2018ರ ಮೇ 25ಕ್ಕೆ ಮುಚ್ಚಿತು. ಪತ್ರಕರ್ತರು, ಸಂಶೋಧಕರು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್ 14ಕ್ಕೆ ನಿಲ್ಲಿಸಿತು. ಆದ್ದರಿಂದ ಎಕ್ಸ್‌ಪೋರ್ಟ್ ಸೌಲಭ್ಯ ಇಲ್ಲದ ಟೂಲ್ ತಗೊಳ್ಳಬೇಡಿ, ಇದ್ದರೆ ತಿಂಗಳಿಗೊಮ್ಮೆ ಇಳಿಸಿಕೊಳ್ಳಿ.

ಅನುಮತಿ ಕೊಡುವಾಗ ಪೂರ್ತಿ ಓದಿ. ಸರಿಯಾದ ಟೂಲ್ ನಿಮ್ಮನ್ನು ಇನ್‌ಸ್ಟಾಗ್ರಾಮ್ ಅಥವಾ ಗೂಗಲ್‌ನ ಅಧಿಕೃತ ಪುಟಕ್ಕೆ ಕರೆದೊಯ್ದು ಅಲ್ಲಿ ಒಪ್ಪಿಗೆ ಕೇಳುತ್ತದೆ. ಪಾಸ್‌ವರ್ಡನ್ನು ತನ್ನದೇ ಪೆಟ್ಟಿಗೆಯಲ್ಲಿ ಟೈಪ್ ಮಾಡಲು ಹೇಳಿದರೆ ಅಲ್ಲಿಂದ ಎದ್ದುಬಿಡಿ. ಅಂಕಿ ನೋಡುವ ಟೂಲಿಗೆ ಮೆಸೇಜ್ ಓದುವ ಅನುಮತಿ ಯಾಕೆ? "ನಿಮ್ಮ ಪ್ರೊಫೈಲ್ ಯಾರು ನೋಡಿದರು ತೋರಿಸುತ್ತೇವೆ" ಅನ್ನುವ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಆ್ಯಪ್‌ಗಳು ಸುಳ್ಳು. ಆ ಮಾಹಿತಿಯನ್ನು ಅವೆರಡೂ ಹೊರಗಿನವರಿಗೆ ಕೊಡುವುದೇ ಇಲ್ಲ. 2018ರಲ್ಲಿ ಬಯಲಾದ ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲಿ 8.7 ಕೋಟಿ ಜನರವರೆಗಿನ ಮಾಹಿತಿ ಸೋರಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಅದು ಶುರುವಾಗಿದ್ದು ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್‌ನಿಂದ. ಟೂಲ್ ಬಿಟ್ಟ ಮೇಲೆ ಅದನ್ನು ಡಿಲೀಟ್ ಮಾಡಿದರೆ ಸಾಲದು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್ ಎಂಬ ಕಡೆ ಹೋಗಿ ಅನುಮತಿಯನ್ನೂ ತೆಗೆಯಿರಿ.

ಹಂತ 9: ಓದುವಾಗ ಆತುರ ಬೇಡ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸಮಯ, ಶೀರ್ಷಿಕೆ, ವಿಡಿಯೋ ಉದ್ದ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಚಿಕ್ಕ ಸಂಖ್ಯೆಗಳ ಶೇಕಡಾವಾರು ನಂಬಬೇಡಿ. 200 ಇಂಪ್ರೆಷನ್‌ನಲ್ಲಿ ಕ್ಲಿಕ್-ಥ್ರೂ ರೇಟ್ 4ರಿಂದ 5ಕ್ಕೆ ಏರಿತು ಅಂದರೆ 8 ಕ್ಲಿಕ್ 10 ಆಯಿತು, ಅಷ್ಟೇ. ಫಾಲೋವರ್ಸ್ ಕೊಂಡುಕೊಂಡ ಖಾತೆಯಲ್ಲಿ ಅವರ ಸಂಖ್ಯೆಯಿಂದ ಭಾಗಿಸಿದ ಯಾವ ರೇಟೂ ಅರ್ಥ ಕೊಡುವುದಿಲ್ಲ, ಯಾಕೆಂದರೆ ಅವರು ಏನನ್ನೂ ನೋಡುವುದಿಲ್ಲ.

ಕೊನೆಯದಾಗಿ, "ಇನ್‌ಸ್ಟಾಗ್ರಾಮ್ 90 ಕ್ಲಿಕ್ ಅನ್ನುತ್ತದೆ, ಅನಾಲಿಟಿಕ್ಸ್ 71 ಅನ್ನುತ್ತದೆ, ಯಾವುದು ಸರಿ?" ಅನ್ನುವ ಪ್ರಶ್ನೆ. ಎರಡೂ ಸರಿ ಇರಬಹುದು. ಒಂದು ಲಿಂಕ್ ಒತ್ತಿದ್ದನ್ನು ಎಣಿಸುತ್ತದೆ, ಇನ್ನೊಂದು ಪುಟ ತೆರೆದು ತನ್ನ ಕೋಡ್ ಓಡಿದ್ದನ್ನು ಎಣಿಸುತ್ತದೆ. ಪುಟ ತೆರೆಯುವ ಮೊದಲೇ ಹಿಂದೆ ಹೋದವರು, ಕುಕಿ ಬೇಡ ಅಂದವರು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇರುವವರು ಎರಡನೆಯದರಲ್ಲಿ ಸಿಗದೆ ಹೋಗಬಹುದು. ದಿನದ ಲೆಕ್ಕವೂ ಒಂದೇ ಅಲ್ಲ. ಯೂಟ್ಯೂಬ್ ಸ್ಟುಡಿಯೋದ ದಿನ ಅಮೆರಿಕದ ಪೆಸಿಫಿಕ್ ಸಮಯದ ಪ್ರಕಾರ ಮುಗಿಯುತ್ತದೆ, ಅನಾಲಿಟಿಕ್ಸ್‌ನದು ನೀವು ಇಟ್ಟ ಸಮಯ ವಲಯದ ಪ್ರಕಾರ. ಅನಾಲಿಟಿಕ್ಸ್ ಅಂಕಿ ಪೂರ್ತಿ ಸೇರಲು ಒಂದೆರಡು ದಿನ ಹಿಡಿಯಬಹುದು, ಹಾಗಾಗಿ ನಿನ್ನೆಯದನ್ನು ಇವತ್ತೇ ಹೋಲಿಸಬೇಡಿ. ವ್ಯತ್ಯಾಸ ಪ್ರತಿ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ಬಿಟ್ಟುಬಿಡಿ. ಇದ್ದಕ್ಕಿದ್ದಂತೆ ಅರ್ಧಕ್ಕರ್ಧ ಆದರೆ ಲಿಂಕನ್ನು ನೀವೇ ಒಮ್ಮೆ ಒತ್ತಿ ನೋಡಿ. ಹೆಚ್ಚಾಗಿ ಪುಟ ಮುರಿದಿರುತ್ತದೆ, ಇಲ್ಲವೇ ಯುಟಿಎಂ ಬಾಲ ಎಲ್ಲೋ ಕತ್ತರಿಸಿ ಹೋಗಿರುತ್ತದೆ.